ವಿದ್ಯಾವತಿಯ ತಲೆಬರಹ

ಹೋಳಿಯ ಬಣ್ಣ ಇಂಡಿಯ ಗೋಡೆಗಳ ಮೇಲೆ ಇನ್ನೂ ಉಳಿದಿತ್ತು. ಊರ ಸುತ್ತಲಿನ ಎರೆಹೊಲಗಳಲ್ಲಿ ಬಿಳಿಜೋಳ ಕಿತ್ತು ಹಾಕಿದ್ದರು. ಹೆಂಗಸರು ಸಾಲಾಗಿ ಕುಳಿತು ತೆನೆ ಮುರಿಯುತ್ತಿದ್ದರು, ಗಂಡಸರು ಕಣಿಕೆ ಕಟ್ಟಿ ಬಣವೆ ಒಟ್ಟುತ್ತಿದ್ದರು. ಬಿಸಿಲು ಏರಿದಂತೆ ನಿಂಬೆಹಣ್ಣಿನ ರೇಟೂ ಏರತೊಡಗಿ, ಮಾರ್ಕೆಟ್ಟಿನ ರಸ್ತೆಯಲ್ಲಿ ಮುಂಜಾನೆಯೇ ಚೀಲ ತುಂಬಿದ ಟಂಟಂ ಆಟೋಗಳು ಒಂದರ ಹಿಂದೊಂದು ನಿಂತಿದ್ದವು. ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತು. ಅದರ ಬೆನ್ನಿಗೇ ಲಗ್ನಗಳು ಬರುತ್ತವೆ.

ಸಂಗಮೇಶ ಫೋಟೋ ಸ್ಟುಡಿಯೋದ ಬಾಗಿಲ ಬೆಳಕಿನಲ್ಲಿ ಕುಳಿತು ವಿದ್ಯಾವತಿ ಪರೀಕ್ಷೆಯ ಹುಡುಗರ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದಳು. ಸೊಲ್ಲಾಪುರದ ಲ್ಯಾಬಿನಿಂದ ಬಸ್ಸಿಗೆ ಹಾಕಿ ಕಳಿಸಿದ ಲಗ್ನದ ಅಲ್ಬಮ್ಮೊಂದು ಪಕ್ಕದಲ್ಲಿತ್ತು, ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಸ್ಟುಡಿಯೋ ಅವಳ ಮಾವ ತೆರೆದದ್ದು. ಮಗ ಕಲ್ಮೇಶನಿಗೆ ಕ್ಯಾಮೆರಾ ಒಲಿಯಲಿಲ್ಲ, ಸೊಸೆಗೆ ಒಲಿಯಿತು. ಮಾವ ತೀರಿಕೊಂಡ ಮೇಲೆ ಫೋಟೋ ತೆಗೆಯುವುದು ಅವಳ ಪಾಲಿಗೆ, ಗಿರಾಕಿಯ ಹತ್ತಿರ ಮಾತಾಡುವುದು ಅವನ ಪಾಲಿಗೆ ಬಂತು. ಅವನು ಮಾತಾಡುವುದರಲ್ಲಿ ಕಡಿಮೆ ಮಾಡಿದವನಲ್ಲ.

ಆ ಮುಂಜಾನೆ ಕಲ್ಮೇಶ ಬಸ್‌ಸ್ಟ್ಯಾಂಡಿನಿಂದ ಪೇಪರಿನ ದೊಡ್ಡ ಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ.

"ವಿದ್ಯಾ, ಕೈ ತೊಳಕೊಂಡ ಬಾ. ನಾಕ ಕಾಲಮ್ ಹಾಕ್ಯಾರ! ಕಲರ್!"

"ಇಷ್ಟ್ಯಾಕ ತಂದ್ರಿ?"

"ಏಜಂಟನ ಕಡೆ ಇದ್ದಷ್ಟೂ ತಂದೆ. ಇವತ್ತ ಇಂಡಿಯೊಳಗ ಪೇಪರ್ ಓದಬೇಕಂದ್ರ ನಮ್ಮ ಅಂಗಡಿಗೇ ಬರಬೇಕು, ಹಂಗ ಮಾಡೇನಿ."

ಮಹಿಳಾ ದಿನದ ಪುಟ. ಕ್ಯಾಮೆರಾ ಹಿಡಿದು ನಗುತ್ತಿರುವ ತನ್ನ ಫೋಟೋ ನೋಡಿ ಅವಳಿಗೂ ಒಂದು ಗಳಿಗೆ ಖುಷಿಯೇ ಆಯಿತು. ಆಮೇಲೆ ಮೇಲಿನ ತಲೆಬರಹ ಕಣ್ಣಿಗೆ ಬಿತ್ತು.

ಹೆಣದ ಕಣ್ಣು ತೆರೆಸುವ ಹೆಣ್ಣು.

ಅವಳು ಪೇಪರನ್ನು ಮೇಜಿನ ಮೇಲಿಟ್ಟಳು. "ಇದನ್ನ ಓದೀರೇನು?"

"ಫೋಟೋ ನೋಡೇನಿ. ಯಾಕ, ಅಕ್ಷರ ತಪ್ಪಿ ಬಿದ್ದೈತೇನು?"

"ಓದ್ರಿ."

ಕಲ್ಮೇಶ ದೊಡ್ಡ ದನಿಯಲ್ಲೇ ಓದಿದ. ಓದಿ, ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಂಡು, ತಲೆದೂಗಿದ. "ಏ, ಭಾರಿ ಬರದಾನಲ್ಲ! ಹೆಣ, ಕಣ್ಣು, ಹೆಣ್ಣು. ಹ್ಯಾಂಗ ಕೂಡಸ್ಯಾನ ನೋಡು!"

"ಯಾರಿಗರೆ ಕಳಸೀರೇನು ಇದನ್ನ?"

ಅವನು ಅಂಗಿಯ ಕಿಸೆಯಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡ. "ಎಲ್ಲಾರಿಗೂ," ಅಂದ.

ವಿದ್ಯಾವತಿಗೆ ಬಂದ ಸಿಟ್ಟು ಕೂಗಾಡುವ ಸಿಟ್ಟಲ್ಲ. ಅವಳು ಮತ್ತೆ ಕುಳಿತು ಪಾಸ್‌ಪೋರ್ಟ್ ಫೋಟೋ ಕತ್ತರಿಸತೊಡಗಿದಳು. ಒಬ್ಬ ಹುಡುಗನ ಕಿವಿ ಹೋಯಿತು. ಕಟರನ್ನು ಕೆಳಗಿಟ್ಟಳು.

ಲಿಂಗ ಕಟ್ಟಿಕೊಳ್ಳುವ ಅವರ ಮಂದಿಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಮುಂದೆ ಭಜನೆಯವರು ಕೂರುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಮಂದಿಯೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅವಳ ಮಾವ ಇದಕ್ಕೆ ಕುಂತ ಫೋಟೋ ಎಂದು ಹೆಸರಿಟ್ಟಿದ್ದ. ಲಗ್ನದ್ದು ನಿಂತ ಫೋಟೋ. "ಕುಂತ ಫೋಟೋ ಐತ್ರಿ" ಎಂದು ಯಾರಾದರೂ ಫೋನು ಮಾಡಿದರೆ ಊರಿನ ಹೆಸರೊಂದನ್ನು ಕೇಳಿಕೊಂಡು ಹೊರಡುವುದು; ಬೇರೆ ಮಾತಿಲ್ಲ. ರೊಕ್ಕದ ಮಾತಂತೂ ಇಲ್ಲವೇ ಇಲ್ಲ. ದಿನಕರ್ಮ ಮುಗಿದ ಮೇಲೆ ಮನೆಯವರೇ ಸ್ಟುಡಿಯೋಕ್ಕೆ ಬಂದು ಕೊಟ್ಟುಹೋಗುತ್ತಾರೆ. ಇಂಡಿಯ ಫೋಟೋದವರೆಲ್ಲ ಈ ಕೆಲಸ ಮಾಡುತ್ತಾರೆ. ಅದು ಎಲ್ಲರಿಗೂ ಗೊತ್ತಿದೆ, ಬಾಯಿಬಿಟ್ಟು ಯಾರೂ ಅನ್ನುವುದಿಲ್ಲ. ಅನ್ನದೆ ಇದ್ದುದರಿಂದಲೇ ಇಂದು ಹಾರ ಹಾಕಿದ ಮುದುಕನ ಮುಂದೆ ನಿಂತ ಕ್ಯಾಮೆರಾ ನಾಳೆ ಅರಿಷಿಣ ಹಚ್ಚಿದ ಮದುಮಗಳ ಮುಂದೆ ನಿಲ್ಲಬಹುದಾಗಿತ್ತು.

ಕೆಲವು ಮನೆಗಳಲ್ಲಿ ಹಿರಿಯರದು ಜೀವಂತ ಇದ್ದಾಗಿನ ಫೋಟೋ ಒಂದೂ ಇರುವುದಿಲ್ಲ. ಅಂಥವರು ಆಮೇಲೆ ಬಂದು, ಗೋಡೆಗೆ ಹಾಕಲು ಕಣ್ಣು ತೆರೆದ ಫೋಟೋ ಮಾಡಿಕೊಡು ಎನ್ನುತ್ತಾರೆ. ವಿದ್ಯಾವತಿ ತೀರಿಕೊಂಡವರ ಮಕ್ಕಳಲ್ಲಿ ಯಾರ ಕಣ್ಣು ಹೋಲುತ್ತದೋ ನೋಡಿ, ಅವರನ್ನು ಕೂಡಿಸಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಆ ಕಣ್ಣನ್ನು ಈ ಮುಖಕ್ಕೆ ಕೂಡಿಸುತ್ತಿದ್ದಳು. ಹೊರ್ತಿಯ ಬಸಂತರಾಯ ಸಾವಕಾರನ ತಾಯಿಗೆ ಹಾಗೆ ಮಾಡಿದ್ದಳು. ದ್ರಾಕ್ಷಿ ತೋಟ, ಎರಡು ಟ್ರ್ಯಾಕ್ಟರು, ಮಾಳಿಗೆಯ ಮೇಲೆ ಮಾಳಿಗೆ ಇದ್ದ ಮನೆ. ತಾಯಿಯದು ಒಂದು ಫೋಟೋ ಇರಲಿಲ್ಲ. ಬಸಂತರಾಯ ಮುಚ್ಚಂಜೆಯ ಹೊತ್ತಿಗೆ ಒಬ್ಬನೇ ಬಂದು, ಬಾಗಿಲು ಹಾಕಿಸಿ, ಕ್ಯಾಮೆರಾದ ಮುಂದೆ ಕಣ್ಣು ಪಿಳುಕಿಸದೆ ಕುಳಿತಿದ್ದ. ತಾಯಿಯ ಮುಖಕ್ಕೆ ಮಗನ ಕಣ್ಣು ಸರಿಯಾಗಿ ಕೂತಿತು. ಫೋಟೋ ನೋಡಿ ಅವನು ಅತ್ತ. "ಇದರ ರೊಕ್ಕ ಈಗ ಕೊಡೂದಿಲ್ಲ ತಂಗಿ. ಮಗಳ ಲಗ್ನ ನಿನಗೇ. ಅದರಾಗ ಕೂಡಿಸಿ ಕೊಡ್ತೇನಿ," ಅಂದಿದ್ದ. ಆ ಲಗ್ನ ಈಗ ಯುಗಾದಿಯ ನಂತರ ಗೊತ್ತಾಗಿತ್ತು. ಮುದ್ದೇಬಿಹಾಳದ ದೊಡ್ಡ ಬೀಗರು. ಮುಂಗಡದ ಸಂಚಕಾರವೂ ಬಂದಿತ್ತು. ವಿಜಯಪುರದಿಂದ ಡ್ರೋನು, ಕ್ರೇನು ಹಿಡಿದುಕೊಂಡು ಬರುವ ಹೊಸ ಹುಡುಗರ ನಡುವೆ, ಈ ಒಂದು ಲಗ್ನ ನೆಟ್ಟಗೆ ಆದರೆ ಸುತ್ತಲಿನ ನಾಲ್ಕು ತಾಲೂಕಿನ ದೊಡ್ಡ ಮನೆಗಳು ಸಂಗಮೇಶ ಸ್ಟುಡಿಯೋದ ಹೆಸರು ಹೇಳುತ್ತವೆ ಎಂದು ಗಂಡ ಹೆಂಡತಿ ಇಬ್ಬರೂ ಲೆಕ್ಕ ಹಾಕಿದ್ದರು.

ಅದಕ್ಕೇ ಕಲ್ಮೇಶ ವರದಿಗಾರ ಸಂಕರ್ಷಣ ಕುಲಕರ್ಣಿಯ ಬೆನ್ನು ಹತ್ತಿ ಕರೆದುಕೊಂಡು ಬಂದದ್ದು. ಸಂಕರ್ಷಣ ಆಲಮಟ್ಟಿಯ ತೋಟದಲ್ಲಿ ತೆಗೆದ ಜೋಡಿಗಳ ಫೋಟೋ ನೋಡಿದ, ಚಹಾ ಕುಡಿದ, ಪೆನ್ನು ಮುಚ್ಚಿ ಕಿಸೆಗಿಟ್ಟ ಮೇಲೆ "ಮತ್ತೇನರೆ ವಿಶೇಷ ಅದನು ವೈನಿ?" ಅಂದ. ಪೆನ್ನು ಕಿಸೆಯಲ್ಲಿತ್ತಲ್ಲ ಎಂದು ವಿದ್ಯಾವತಿ ಕಣ್ಣಿನ ಕೆಲಸದ ಮಾತು ತೆಗೆದಿದ್ದಳು. ಊರು, ಹೆಸರು ಹೇಳಿರಲಿಲ್ಲ. "ಇದನ್ನ ಬರೀಬ್ಯಾಡ್ರಿ ಮತ್ತ," ಎಂದೂ ಹೇಳಿದ್ದಳು.

ಪೇಪರಿನಲ್ಲಿ ಹೀಗಿತ್ತು: "ಹೊರ್ತಿ ಭಾಗದ ಪ್ರತಿಷ್ಠಿತ ಮನೆತನವೊಂದರ ತಾಯಿಗೆ ಜೀವಮಾನದಲ್ಲಿ ಒಂದೇ ಒಂದು ಫೋಟೋ ಇರಲಿಲ್ಲ. ಇಂದು ಆ ತಾಯಿ ಮಗನ ಕಣ್ಣುಗಳಿಂದಲೇ ಮಗನನ್ನು ನೋಡುತ್ತಿದ್ದಾಳೆ!"

"ಹೊರ್ತಿ ಅಂತ ಯಾರ ಹೇಳಿದ್ರು ಅವಗ?" ವಿದ್ಯಾವತಿ ಕೇಳಿದಳು.

ಕಲ್ಮೇಶ ಪೇಪರಿನ ಕಟ್ಟಿನ ಹುರಿ ಬಿಚ್ಚುತ್ತಿದ್ದ.

"ನಿಮ್ಮನ್ನ ಕೇಳಾಕತ್ತೇನಿ."

"ಖಾನಾವಳಿಯೊಳಗ ಉಣ್ಣೂಮುಂದ ಮಾತ ಬಂತು. ಹೆಸರ ಹೇಳಿಲ್ಲ ನಾ. ಹೊರ್ತಿ ಅಂದೆ ಅಷ್ಟ. ಸುದ್ದಿಗಿ ಒಂದೀಟ ರುಚಿ ಬ್ಯಾಡೇನು?"

"ಹೊರ್ತಿಯೊಳಗ ಅಂಥಾ ಮನಿ ಎಷ್ಟ ಅದಾವ್ರಿ? ಒಂದು! ಅದನ್ನೇ ಉಪ್ಪಿನಕಾಯಿ ಮಾಡಿ ಬಡಿಸಿ ಬಂದ್ರಿ!"

"ಸುಮ್ಮನ ಹೆದರ್ತಿ ನೀ. ಪೇಪರಿನಾಗ ಬಂದೈತಂದ್ರ ಹೆಸರ ಬಂತಂತನ. ಹ್ಯಾಂಗ ಬಂತು ಯಾರ ಕೇಳ್ತಾರ? ಈಗ ಇದನ್ನ ಬಳಸ್ಕೋಬೇಕು ನೋಡು."

ಅವನು ಬಳಸಿಕೊಂಡ. ಸಂಜೆಯೊಳಗೆ ಪೇಪರಿನ ತುಂಡು ಫ್ರೇಮಿನಲ್ಲಿ ಕೂತು ಬಾಗಿಲ ಪಕ್ಕ ತೂಗಿತು. ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ನೆಂಟರ ಗುಂಪುಗಳಿಗೆಲ್ಲ ಇನ್ನೊಮ್ಮೆ ಹೋಯಿತು. ಮರುದಿನ ಅವಳು ಸೀಮಂತವೊಂದಕ್ಕೆ ಹೋಗಿ ಬರುವಷ್ಟರಲ್ಲಿ ಅಂಗಡಿಯ ನೆತ್ತಿಗೆ ಅಡ್ಡಲಾಗಿ ಫ್ಲೆಕ್ಸು ಬಂದಿತ್ತು. ಒಂದು ಬದಿಗೆ ಅವಳ ಮುಖ, ಇನ್ನೊಂದು ಬದಿಗೆ ಬಾಸಿಂಗ ಕಟ್ಟಿದ ಗಂಡು ಹೆಣ್ಣು, ನಡುವೆ ಮೊಳದುದ್ದದ ಕೆಂಪು ಅಕ್ಷರ: ಹೆಣದ ಕಣ್ಣು ತೆರೆಸುವ ಹೆಣ್ಣು. ಕೆಳಗೆ: ಲಗ್ನ, ಸೀಮಂತ, ತೊಟ್ಟಿಲ ಕಾರ್ಯಕ್ರಮಗಳಿಗೆ ಸಂಪರ್ಕಿಸಿರಿ.

ಲಗ್ನಗಳಲ್ಲಿ ಅವಳ ಜೊತೆ ವಿಡಿಯೋ ಹಿಡಿಯುವ ಗೈಬುಸಾಬ ರಸ್ತೆಯ ಆಚೆ ಬದಿಗೆ ನಿಂತು ಅದನ್ನು ನೋಡುತ್ತಿದ್ದ. "ಏ ಕಲ್ಮೇಶಿ," ಎಂದು ಕೂಗಿದ, "ಆ ಗಂಡ ಹೆಣ್ಣ ಇಬ್ಬರೂ ಜೀವಂತ ಅದಾರಿಲ್ಲೋ? ಅದನ್ನೊಂದ ಬರಸಬೇಕಿತ್ತ ನೋಡು!"

"ನಗು, ನಗು. ನಿನ್ನ ಹೆಸರ ಎಂದರೆ ಬಂದೈತೇನ ಪೇಪರಿನಾಗ?"

"ಬರೂದ ಬ್ಯಾಡೋ ಮಾರಾಯ. ಬಂದ್ರ ನನ್ನ ಕೂಳ ನಿಂದ್ರತೈತಿ." ಆಮೇಲೆ ವಿದ್ಯಾವತಿಯ ಹತ್ತಿರ ಬಂದು ದನಿ ತಗ್ಗಿಸಿದ. "ತಂಗಿ, ಅದನ್ನ ಇಳಸಸು. ನಿನಗ ಗೊತ್ತಿಲ್ಲನು? ಅಂಗಡಿ ಮುಂದ ಹಾಯೂ ಹೆಣ್ಮಕ್ಕಳು ಆ ಬದಿಗಿ ದಾಟಿ ಹೋಗಾಕತ್ತಾರ."

ಫೋನುಗಳು ಬರತೊಡಗಿದವು. ಮೊದಲು ಸಿಂದಗಿಯದು. ಹುಡುಗಿಯ ತಂದೆ ಬಹಳ ಮರ್ಯಾದೆಯಿಂದ ಮಾತಾಡಿದ. "ನಮದೇನ ಇಲ್ರಿ ಅಕ್ಕಾರ, ನಾವೆಲ್ಲ ಓದಿದಾವ್ರು. ನಮ್ಮವ್ವ ಒಪ್ಪವಲ್ಲಳು. ಮದಿಮಗಳ ಮ್ಯಾಲೆ ಆ ಕೈ ಬ್ಯಾಡ ಅಂತಾಳ. ಮುಂದಿನ ಸಲ ನೋಡೂಣ್ರಿ." ಲಗ್ನಕ್ಕೆ ಮುಂದಿನ ಸಲ ಎಂಥದು ಎಂದು ಅವಳು ಕೇಳಲಿಲ್ಲ. ಮರುದಿನ ಇನ್ನೊಂದು ಲಗ್ನ ಹೋಯಿತು. ಇಂಡಿಯವರೇ ಆದ ಮೂರನೆಯವರು ಫೋನನ್ನೂ ಮಾಡಲಿಲ್ಲ, ಅವರ ಅರಿಷಿಣ ಶಾಸ್ತ್ರದ ಫೋಟೋಗಳು ಬೇರೆ ಸ್ಟುಡಿಯೋದವರ ಸ್ಟೇಟಸ್ಸಿನಲ್ಲಿ ಬಂದವು.

ಬೇರೆ ಫೋನುಗಳೂ ಬಂದವು. ಬಸವನ ಬಾಗೇವಾಡಿಯ ಕಡೆಯ ಒಂದು ಹಳ್ಳಿಯಿಂದ, ಎಂದೂ ಕಂಡಿರದ ಒಬ್ಬಾತ: "ಪೇಪರಿನಾಗ ಬಂದಿತ್ತಲ್ರಿ, ಹೆಣದ್ದು, ಆ ಅಕ್ಕಾರೇನ್ರಿ? ನಮ್ಮ ಕಾಕಾ ಹೋಗ್ಯಾನ್ರಿ, ಲಗೂ ಬರ್ರಿ." ಅವಳು ಹೋಗಿ ಬಂದಳು. ಮನೆಯ ಬಾಗಿಲಲ್ಲಿ ಸಣ್ಣ ಹುಡುಗಿಯೊಬ್ಬಳು ಅವಳನ್ನು ಕಂಡವಳೇ ಎರಡೂ ಅಂಗೈಯಿಂದ ತನ್ನ ಕಣ್ಣು ಮುಚ್ಚಿಕೊಂಡಳು. ತಾಯಿ ಗದರಲಿಲ್ಲ, ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ವಿದ್ಯಾವತಿ ದಾರಿಯುದ್ದಕ್ಕೂ ಆ ಅಂಗೈಗಳನ್ನೇ ನೆನೆಯುತ್ತ ಸ್ಕೂಟಿ ಓಡಿಸಿದಳು.

ಇಂಡಿಗೆ ಬಂದವಳು ಅಂಗಡಿಗೆ ಹೋಗದೆ ನೇರ ತಹಶೀಲ್ದಾರ ಕಚೇರಿಯ ಮುಂದಿನ ಚಹಾದಂಗಡಿಗೆ ಹೋದಳು. ಸಂಕರ್ಷಣ ಅಲ್ಲಿಯೇ ಇರುತ್ತಾನೆ.

"ಬರ್ರಿ, ಬರ್ರಿ ವೈನಿ!" ಅವನು ಎದ್ದು ನಿಂತು ಬೆಂಚು ಒರೆಸಿದ. "ಪಾರ್ಟಿ ಯಾವಾಗ? ನಮ್ಮ ಆಫೀಸಿಗೆ ಎಷ್ಟು ಫೋನ್ ಬಂದಾವ ಗೊತ್ತದನು? ಈ ವರ್ಷ ಮಹಿಳಾ ಪುಟದಾಗ ನಿಮ್ಮದೇ ನಂಬರ್ ಒಂದು ಅಂತ ನಮ್ಮ ಸಾಹೇಬ್ರು ಸ್ವತಃ ಅಂದ್ರು."

"ನಾ ನಿಮ್ಮ ಮುಂದ ಹೆಣ ಅಂದಿದ್ನೇನ್ರಿ?"

"ಆಂ?"

"ಹೆಣ. ಆ ಮಾತ ನನ್ನ ಬಾಯಾಗ ಬಂದಿತ್ತೇನು?"

"ಹೆಡ್ಡಿಂಗ್ ನಾವು ಕೊಡೂದಿಲ್ಲ ವೈನಿ. ಅದು ಡೆಸ್ಕಿನವರದು. ನಾ 'ನೆನಪಿಗೆ ಬೆಳಕು' ಅಂತ ಏನೋ ಕೊಟ್ಟಿದ್ದೆ. ಅವರು ಇದನ್ನ ಮಾಡಿದ್ರು. ಖರೇ ಹೇಳಬೇಕಂದ್ರ ಛಲೋನೇ ಮಾಡ್ಯಾರ. ಪ್ರಾಸ ನೋಡ್ರಲಾ."

"ಬರೀಬ್ಯಾಡ್ರಿ ಅಂದಿದ್ದೆ."

"ನಮ್ರತೆ ಅಂತ ತಿಳಕೊಂಡೆ. ಎಲ್ಲಾರೂ ಹಂಗ ಅಂತಾರಲಾ, ಬರೀಬ್ಯಾಡ್ರಿ, ಬರೀಬ್ಯಾಡ್ರಿ ಅಂತ. ಬರೀಲಿಲ್ಲ ಅಂದ್ರ ಮರುದಿನ ಸಿಟ್ಟಾಗ್ತಾರ."

ಚಹಾದಂಗಡಿಯಲ್ಲಿ ಇಬ್ಬರು ನಕ್ಕರು. ವಿದ್ಯಾವತಿ ಅವರ ಕಡೆ ತಿರುಗಿ ನೋಡಿದಳು. ನಗು ನಿಂತಿತು.

"ನನ್ನ ಮೂರು ಲಗ್ನ ಹೋದವು. ಇವತ್ತ ಒಂದು ಕೂಸು ನನ್ನ ನೋಡಿ ಕಣ್ಣು ಮುಚ್ಕೊಂತು. ನಿಮ್ಮ ಡೆಸ್ಕಿನಾವ್ರು ಎಲ್ಲಿ ಕುಂದರ್ತಾರ ಹೇಳ್ರಿ. ಹೋಗಿ ಅವರಿಗೂ ಒಂದು ಪ್ರಾಸ ಕಟ್ಟಿ ಬರ್ತೇನಿ."

"ಶಾಂತ ಆಗ್ರಿ, ಶಾಂತ ಆಗ್ರಿ. ದಾರಿ ಅದ." ಸಂಕರ್ಷಣ ಸ್ವಲ್ಪ ಮುಂದೆ ಬಾಗಿದ. "ಯುಗಾದಿ ಪುರವಣಿ ಬರ್ಲಿಕತ್ತದ. ಅದರಾಗ ನಿಮ್ಮ ಲಗ್ನದ ಫೋಟೋಗಳ ಬಗ್ಗೆ ಇನ್ನೊಂದು ಲೇಖನ ಹಾಕಿಬಿಡೂಣ. 'ಮದುವೆ ಮನೆಯ ಮೆಚ್ಚಿನ ಕಣ್ಣು' ಅಂತ. ನೀವೊಂದು ಕಾಲು ಪುಟದ ಜಾಹೀರಾತು ಕೊಟ್ರ ಆಯ್ತು. ಕಲ್ಮೇಶಣ್ಣ ಹೂಂ ಅಂದಾನ."

ಅವಳು ಅವನ ಮುಖ ನೋಡಿದಳು. ಕೆಟ್ಟವನ ಮುಖವಲ್ಲ ಅದು. ಅವನಿಗೆ ನಿಜವಾಗಿಯೂ ಉಪಕಾರ ಮಾಡಿದ ಸಂತೋಷವಿತ್ತು, ಇನ್ನೂ ಮಾಡಬೇಕೆಂದಿತ್ತು. ಅದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

"ನನ್ನ ಸುಡಾಕ ಎಣ್ಣಿನೂ ನಾನ ತಂದ ಕೊಡಬೇಕೇನ್ರಿ?" ಎಂದು ಎದ್ದುಬಂದಳು.

ಅಂಗಡಿಗೆ ಬಂದು, ಸ್ಟೂಲು ಹಾಕಿಕೊಂಡು, ಅಲ್ಬಮ್ಮು ಕತ್ತರಿಸುವ ಕಟರಿನಿಂದ ಫ್ಲೆಕ್ಸಿನ ಹಗ್ಗಗಳನ್ನು ಕೊಯ್ದಳು. ಫ್ಲೆಕ್ಸು ಕಲ್ಮೇಶನ ತಲೆಯ ಮೇಲೆಯೇ ಬಿತ್ತು. ಅವನು ಅದರೊಳಗಿಂದ ಹೊರಬಂದು, "ಎಷ್ಟ ಖರ್ಚ ಮಾಡೇನಿ ಗೊತ್ತೈತೇನ ನಿನಗ?" ಅಂದ.

"ನನ್ನ ಬಾಳೇವನ್ನೇ ಖರ್ಚ ಮಾಡೀರಿ. ಗೊತ್ತೈತಿ."

"ನಿನ್ನ ಸಲುವಾಗೇ ಮಾಡೇನಿ ಮಾರಾಯ್ತಿ. ಎಲ್ಲಾರೂ ಕಲ್ಮೇಶನ ಹೇಣ್ತಿ ಅಂತಿದ್ರು. ಈಗ ನನಗ ವಿದ್ಯಾವತಿ ಗಂಡ ಅಂತಾರ. ನಾ ಬ್ಯಾಸರ ಮಾಡ್ಕೊಂಡೇನೇನು? ಖುಷಿಪಟ್ಟೇನಿ."

ಇದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಅವನ ಖುಷಿಯ ಮೇಲೆ ಕೂಗಾಡಲು ಬಾರದೆ, ಫ್ಲೆಕ್ಸನ್ನು ಕಾಲಿನಿಂದ ಬಾಗಿಲ ಹೊರಗೆ ದಬ್ಬಿದಳು. ಅಷ್ಟರಲ್ಲಿ ಬಾಗಿಲಲ್ಲಿ ಒಂದು ನೆರಳು ನಿಂತಿತು. ಬಸಂತರಾಯನ ಕಾರು ಓಡಿಸುವ ಮಾಳಿಂಗ. ಒಳಗೆ ಬರಲಿಲ್ಲ.

"ಸಾವಕಾರ್ರು ಹೇಳಿ ಕಳಸ್ಯಾರ್ರಿ. ಲಗ್ನಕ್ಕ ಬಿಜಾಪುರದಾವ್ರನ್ನ ಗೊತ್ತ ಮಾಡ್ಯಾರಂತ. ಸಂಚಕಾರ ನನ್ನ ಕೈಯಾಗ ಕೊಡಬೇಕಂತ."

"ನಿನ್ನ ಕೈಯಾಗ ಯಾಕ? ನಾನ ತಂದ ಕೊಡ್ತೇನಿ ಅಂತ ಹೇಳು."

"ಬ್ಯಾಡ್ರಿ ಅಕ್ಕಾರ," ಮಾಳಿಂಗ ಮುಖ ಕೆಳಗೆ ಹಾಕಿದ, "ಮನಿತನಕ ಬರಬಾರದಂತ."

"ಹಂಗಾರ ನಾಳೆ ಬರ್ತಾಳ ಅಂತ ಹೇಳು."

ಮರುದಿನ ಮುಂಜಾನೆ ಅವಳು ಹೊರ್ತಿಗೆ ಹೋದಳು. ಕಲ್ಮೇಶ ಬರುತ್ತೇನೆಂದರೂ ಕರೆದೊಯ್ಯಲಿಲ್ಲ. ದಾರಿಯ ಎರಡೂ ಬದಿಗೆ ಜೋಳ ಕಿತ್ತ ಹೊಲ ಬರಿದಾಗಿ ಬಿದ್ದಿತ್ತು, ದ್ರಾಕ್ಷಿ ಒಣಹಾಕಿದ ಶೆಡ್ಡುಗಳಲ್ಲಿ ಮಣೂಕದ ವಾಸನೆ ಏಳುತ್ತಿತ್ತು. ಸಾವಕಾರನ ಮನೆಯ ಮುಂದೆ ಮುದ್ದೇಬಿಹಾಳದ ಬೀಗರ ಎರಡು ಕಾರು ನಿಂತಿದ್ದವು. ಜವಳಿಯ ಮಾತಿಗೆ ಬಂದಿದ್ದರು. ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಜಮಖಾನದ ಮೇಲೆ ಬೀಗರು, ಅವರ ಬೆನ್ನ ಹಿಂದಿನ ಗೋಡೆಯ ಫೋಟೋದಲ್ಲಿ ಹಸಿರು ಸೀರೆಯ ಮುದುಕಿ ಸಾವಕಾರ್ತಿ, ಕಣ್ಣು ತೆರೆದು.

ಬಸಂತರಾಯ ಅವಳನ್ನು ಕಂಡವನೇ ಹೊರಗೆ ಬಂದು ಬೇವಿನ ಕಟ್ಟೆಯ ಹತ್ತಿರ ನಿಲ್ಲಿಸಿದ.

"ಹೇಳಿ ಕಳಸಿದ್ನಲ್ಲ."

"ಸಂಚಕಾರ ತಗೋರಿ ಸಾವಕಾರ್ರ."

"ಕಟ್ಟಿ ಮ್ಯಾಲ ಇಡು."

ಅವಳು ಇಡಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು. "ಕೈಯಾಗ ತಗೋರಿ. ಅವತ್ತ ನಿಮ್ಮವ್ವನ ಹಾರ ನೆಟ್ಟಗ ಮಾಡಿದ್ದು ಇದ ಕೈ. ಅವತ್ತ ಎರಡೂ ಕೈ ಹಿಡಕೊಂಡ ಅತ್ತಿದ್ರಿ."

"ಸಾವಕಾಶ ಮಾತಾಡು. ಒಳಗ ಬೀಗರದಾರ."

"ಪೇಪರಿನಾಗ ಬಂದ ಮ್ಯಾಲ ಇನ್ನೆಂಥಾ ಸಾವಕಾಶ್ರಿ?"

"ಬಂದದ್ದಲ್ಲ, ತರಿಸಿದ್ದು!" ಬಸಂತರಾಯನ ಕತ್ತಿನ ನರ ಉಬ್ಬಿತು. ದನಿ ಮಾತ್ರ ಇನ್ನೂ ಕೆಳಗೇ ಇತ್ತು. "ನಮ್ಮವ್ವ ಹೆಣ ಆದ್ಲೇನು ನಿನಗ? ಇಡೀ ಹೊರ್ತಿ ನನ್ನ ಮಾರಿ ನೋಡಾಕತ್ತೈತಿ. ಸಂತಿಯೊಳಗ ಒಬ್ಬಾಂವ ನನ್ನ ಕಣ್ಣೊಳಗ ಕಣ್ಣಿಟ್ಟು, 'ಅವ್ವಾರು ಆರಾಮದಾರೇನ್ರಿ?' ಅಂತ ಕೇಳ್ತಾನ!"

"ಆ ಮಾತ ನಂದಲ್ರಿ," ಅಂದಳು. "ನಾ ಎಂದೂ ಆ ಮಾತ ಆಡಿಲ್ಲ. ಆದ್ರ ನಮ್ಮ ಮನ್ಯಾಗಿಂದ ಹೋಗೈತಿ. ತಪ್ಪಾಗೈತಿ. ಲಗ್ನ ಕೊಡಬ್ಯಾಡ್ರಿ, ನಿಮ್ಮ ಮರ್ಜಿ. ಹಳೇ ಬಾಕಿ ಕೊಡ್ರಿ, ಹೋಗ್ತೇನಿ."

"ಯಾವ ಬಾಕಿ?"

"ಆ ಫೋಟೋದ್ದು."

"ಯಾವ ಫೋಟೋ?"

ಅವಳು ಪಡಸಾಲೆಯ ಕಡೆ ಕೈ ಮಾಡಿದಳು. ಬಸಂತರಾಯ ಆ ಕಡೆ ತಿರುಗಲಿಲ್ಲ.

"ಅದು ನಮ್ಮವ್ವ ಶ್ರೀಶೈಲಕ್ಕ ಹೋದಾಗ ತಗಸಿದ್ದು. ನಿಂದಲ್ಲ ಅದು. ನಿನಗ ನಾ ಏನೂ ಕೊಡೂದಿಲ್ಲ."

ವಿದ್ಯಾವತಿಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ರೊಕ್ಕ ಕೊಡಲಾರದೆ ಅಲ್ಲ. ಕೊಟ್ಟರೆ ಗೋಡೆಯ ಮೇಲಿನ ಫೋಟೋ ಎಂಥದೆಂದು ಒಪ್ಪಿದಂತಾಗುತ್ತಿತ್ತು. ಅವನ ಬಾಯಲ್ಲಿ ಆ ಕೆಲಸವೇ ನಡೆದಿರಲಿಲ್ಲ. ಮುಚ್ಚಿದ ಬಾಗಿಲಿರಲಿಲ್ಲ, ಪಿಳುಕಿಸದ ಕಣ್ಣಿರಲಿಲ್ಲ, ಅವಳು ಒಂದೊಂದೇ ರೆಪ್ಪೆಗೂದಲು ಕೂಡಿಸಿದ್ದಿರಲಿಲ್ಲ. ಒಂದು ಪೇಪರು ಅವಳನ್ನು ಅದೊಂದೇ ಕೆಲಸ ಮಾಡಿದವಳೆಂದು ಊರಿಗೆಲ್ಲ ಸಾರಿತ್ತು. ಮಾಡಿಸಿಕೊಂಡವನು ನಿಂತು ಮಾಡೇ ಇಲ್ಲವೆನ್ನುತ್ತಿದ್ದ.

"ಶ್ರೀಶೈಲಕ್ಕ ಹೋಗಿದ್ರೇನ್ರಿ ನಿಮ್ಮವ್ವ?" ಅವಳ ದನಿ ಏರಿತು. "ಹೊರ್ತಿ ದಾಟಿಸಿದ್ರೇನು ಆಕಿನ್ನ ಎಂದರೆ?"

ಒಳಗಿನ ಮಾತುಕತೆ ನಿಂತಿತು. ಆಗ ಪಕ್ಕದ ಸಂದಿಯಿಂದ ಬಸಂತರಾಯನ ಹೆಂಡತಿ ರುಕ್ಮವ್ವ ಬಂದು, ವಿದ್ಯಾವತಿಯ ಮುಂಗೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಹಿತ್ತಲಲ್ಲಿ ಸಂಡಿಗೆ ಒಣಹಾಕಿದ್ದರು. ಅವುಗಳ ನಡುವೆ ನಿಂತು ರುಕ್ಮವ್ವ ಉಸಿರು ಬಿಟ್ಟಳು.

"ನನ್ನ ಮಗಳ ಲಗ್ನ ಮುರೀಬ್ಯಾಡ ನನ್ನವ್ವಾ."

"ನಾ ಮುರ್ಯಾಕ ಬಂದಿಲ್ರಿ ಅಕ್ಕಾರ. ನನ್ನ ಕೆಲಸದ ಬಾಕಿ ಕೇಳಾಕ ಬಂದೇನಿ."

"ಗೊತ್ತೈತಿ. ನನಗ ಎಲ್ಲಾ ಗೊತ್ತೈತಿ." ರುಕ್ಮವ್ವ ನೆಲಕ್ಕೆ ಕುಕ್ಕರಿಸಿ ಕುಳಿತು ಸಂಡಿಗೆಯ ಮೇಲಿನ ಇರುವೆ ಊದಿದಳು. ಅವಳ ಸಿಟ್ಟು ಅಷ್ಟರಲ್ಲೇ ಹೊರಬಿತ್ತು. "ಮೈದುನನ ಲಗ್ನಕ್ಕ ಫೋಟೋದಾಂವ ಬಂದ. ಮುದಿಕಿ ಒಳಗ ರೊಟ್ಟಿ ಬಡೀತಿತ್ತು. ಕರೀರಿ ಅಂದೆ. 'ಆ ಹಳೀ ಸೀರಿ ಮ್ಯಾಲ ಬ್ಯಾಡ, ನಾಳೆ ತಗಸೂಣು' ಅಂದ್ರು ಇವರು. ವಾಸ್ತುಶಾಂತಿ ಆತು. 'ನಾಳೆ.' ಮೊಮ್ಮಗಳು ಸೀರಿ ಉಟ್ಲು. 'ನಾಳೆ.' ಆಕಿ ಸತ್ತ ಮ್ಯಾಲ ಹಸರ ರೇಷ್ಮಿ ಸೀರಿ ಬಂತು ನೋಡು. ಈಗ ಶ್ರೀಶೈಲ ಅಂತ ಶ್ರೀಶೈಲ!"

ಅವಳು ಸೊಂಟದ ಚೀಲದಿಂದ ಮಡಿಸಿದ ನೋಟುಗಳನ್ನು ತೆಗೆದು ವಿದ್ಯಾವತಿಯ ಕೈಯಲ್ಲಿ ತುರುಕಿದಳು. "ನಮ್ಮತ್ತಿ ಬಾಕಿ ನಾ ಕೊಡ್ತೇನಿ. ಹಾಲ ಮಾರಿದ ರೊಕ್ಕ. ಹಿತ್ತಲ ಬಾಗಿಲಲೆ ಹೋಗಿಬಿಡು ತಾಯಿ."

ವಿದ್ಯಾವತಿ ನೋಟುಗಳನ್ನು ಎಣಿಸದೆ ಹಿಡಿದು ನಿಂತಳು. ಈ ಸೀಸನ್ನಿನ ಲಗ್ನಗಳು ಹೋಗಿದ್ದವು. ಇದರಿಂದ ಅಲ್ಬಮ್ಮುಗಳ ಬಾಕಿ ಕೇಳುತ್ತಿದ್ದ ಲ್ಯಾಬಿನವನ ಬಾಯಿಯನ್ನಾದರೂ ಮುಚ್ಚಿಸಬಹುದಿತ್ತು. ಆಮೇಲೆ ಅವಳು ರುಕ್ಮವ್ವನ ಕೈ ತೆರೆದು ಅವನ್ನು ಅಲ್ಲೇ ಇಟ್ಟಳು, ಅದರ ಜೊತೆ ಸಂಚಕಾರದ ರೊಕ್ಕವನ್ನೂ ಇಟ್ಟಳು.

"ಸಂಚಕಾರ ನಿಮ್ಮದು, ಮುಟ್ಟಿತು. ಇದು ಬ್ಯಾಡ್ರಿ ಅಕ್ಕಾರ. ನೀವ ಕೊಟ್ಟು ತೀರಸಿದ್ರ ಅವರ ಮಾತ ಖರೇ ಆಗ್ತೈತಿ, ಅವರ ಮ್ಯಾಲ ಏನೂ ಉಳಿಯೂದಿಲ್ಲ. ಬಾಕಿ ಅವರ ಮ್ಯಾಲೇ ಇರ್ಲಿ. ತೀರಸೂದಿದ್ರ ಅವರ ಬಾಯಿಲೆ ಅಂದು, ಅವರ ಕೈಲೆ ತೀರಸ್ಲಿ."

"ಅವರೆಲ್ಲಿ ತೀರಸ್ತಾರವ್ವ."

"ಹಂಗಾರ ಹಂಗೇ ಇರ್ಲಿ."

ಹಿತ್ತಲ ಬಾಗಿಲು ತೆರೆದೇ ಇತ್ತು. ವಿದ್ಯಾವತಿ ಅದರ ಕಡೆ ಹೋಗದೆ ಸಂದಿಯಿಂದಲೇ ಮರಳಿ ಮುಂಬಾಗಿಲಿಗೆ ಬಂದಳು. ಬೀಗರು ಈಗ ಅಂಗಳಕ್ಕೆ ಬಂದು ನಿಂತಿದ್ದರು. ಬಸಂತರಾಯ ಅವರಿಗೆ ಟ್ರ್ಯಾಕ್ಟರನ್ನೋ ಏನನ್ನೋ ತೋರಿಸುತ್ತಿದ್ದ. ಬೀಗರಲ್ಲಿ ಹಿರಿಯನಾದ ಅಪ್ಪಾಸಾಬ, ಬಿಳಿ ಟೊಪ್ಪಿಗೆಯ ಮುದುಕ, ಅವಳ ಮುಖವನ್ನೇ ನೋಡಿದ.

"ತಂಗಿ, ನಿನ್ನ ಎಲ್ಲೋ ನೋಡೇನಲ್ಲ?"

"ಪೇಪರಿನಾಗ ನೋಡಿರಬೇಕ್ರಿ. ವಿದ್ಯಾವತಿ ಅಂತ. ಇಂಡಿ, ಸಂಗಮೇಶ ಸ್ಟುಡಿಯೋ." ಇಷ್ಟು ದಿನಗಳಲ್ಲಿ ಮೊದಲ ಸಲ ಅವಳು ತನ್ನ ಹೆಸರನ್ನು ಜೋರಾಗಿ ಹೇಳಿದಳು.

"ಹಾಂ, ಹೌದೌದು! ನಮ್ಮ ಮನ್ಯಾಗ ಎಲ್ಲಾರೂ ಓದಿದ್ವಿ." ಮುದುಕನಿಗೆ ಉಮೇದು ಬಂತು. "ಆ ತಾಯಿ, ಮಗನ ಕಣ್ಣ ಹಚ್ಚಿದ್ದು, ಅದನ್ನ ಮೊಮ್ಮಗ ಎರಡ ಸಲ ಓದಿ ತೋರಿಸ್ದ. ಹೊರ್ತಿ ಅಂತಿತ್ತಲ್ಲ? ಇದ ಊರನು? ಯಾರ ಮನ್ಯಾಗೈತವ್ವ ಆ ಫೋಟೋ? ಬಂದೇವಂದ್ರ ನೋಡಿಕೊಂಡ ಹೋಗೂಣು."

ರುಕ್ಮವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಸಂತರಾಯನ ಕೈ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹಾಗೇ ನಿಂತಿತ್ತು. ವಿದ್ಯಾವತಿ ಅವನ ಕಡೆ ನೋಡಿದಳು. ಅವನೂ ನೋಡಿದ, ಕಣ್ಣು ಪಿಳುಕಿಸದೆ.

"ಸಾವಕಾರ್ರನ್ನ ಕೇಳ್ರಿ," ಅಂದಳು, "ಅವರಿಗಿ ಗೊತ್ತೈತಿ."

ಸ್ಕೂಟಿಯನ್ನು ಸ್ಟ್ಯಾಂಡಿನಿಂದ ತೆಗೆದು, ಕಾರುಗಳ ನಡುವಿನಿಂದ ದಬ್ಬಿಕೊಂಡು ರಸ್ತೆಗೆ ತಂದಳು. ಅಪ್ಪಾಸಾಬ ಇನ್ನೊಮ್ಮೆ, ಈ ಸಲ ಬಸಂತರಾಯನಿಗೆ, ಅದೇ ಪ್ರಶ್ನೆ ಕೇಳುವುದು ಅವಳಿಗೆ ಕೇಳಿಸಿತು.